ಈಜುಕೊಳದ ಕಟ್ಟೆ, ಅದರ ಕೆಳಗಿನ ಮಣ್ಣು ಮತ್ತು ಪ್ರಾಕ್ಟರ್ ಎಂಬ ಪುಣ್ಯಾತ್ಮ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಒಂದು ರಿಲೀಸು, ಅದರ ಬಾಲ ಹಿಡಿದು ಇನ್ನೊಂದು ರಿಲೀಸು... ನೆಪಗಳು ನಿಮಗೂ ಗೊತ್ತಿದ್ದದ್ದೇ ಬಿಡಿ. ಈ ಸಲ ವಿಷಯ ನನ್ನ ಕಿಟಕಿಯ ಕೆಳಗೇ ಬಂದು ಕೂತಿತ್ತು, ಅದೂ ಭಯಂಕರ ಸದ್ದು ಮಾಡಿಕೊಂಡು.

ನಾನೀಗ ಇರುವುದು ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಸಾಂಟಾ ಕ್ಲರಿಟಾ ಎಂಬ ಊರಲ್ಲಿ. ಅಪಾರ್ಟ್‌ಮೆಂಟಿನ ನಡುವೆ ಒಂದು ಈಜುಕೊಳ. ಕೊಳದ ಸುತ್ತ ಬರಿಗಾಲಲ್ಲಿ ಓಡಾಡೋಕೆ, ಕುರ್ಚಿ ಹಾಕಿಕೊಂಡು ಬಿಸಿಲು ಕಾಯೋಕೆ ಕಾಂಕ್ರೀಟಿನ ಕಟ್ಟೆ ಇರುತ್ತಲ್ಲ, ಅದಕ್ಕೆ ಇವರು ಪೂಲ್ ಡೆಕ್ ಅಂತಾರೆ. ನಮ್ಮ ಡೆಕ್ಕಿನ ಒಂದು ಬದಿ ಎರಡು ಇಂಚು ಕುಸಿದು ಕೊಳದ ಕಡೆಗೇ ವಾಲಿತ್ತು. ಮಳೆ ಬಂದರೆ ನೀರು ಹೊರಗೆ ಹರಿಯುವ ಬದಲು ಕಸಕಡ್ಡಿ ಸಮೇತ ಕೊಳಕ್ಕೇ ಬರುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ಬಿರುಕು. ಕೊನೆಗೂ ಒಂದು ದಿನ ನೋಟೀಸು ಬಂತು. ಹಳೆಯದನ್ನು ಒಡೆದು ಹೊಸದು ಹಾಕ್ತೀವಿ, ಮೂರು ವಾರ ಕೊಳ ಬಂದ್.

ಒಡೆದು ಸಾಗಿಸೋಕೆ ಎರಡು ದಿನ. ಕಾಂಕ್ರೀಟು ಸುರಿದದ್ದು ಒಂದೇ ಬೆಳಗ್ಗೆ, ಊಟದ ಹೊತ್ತಿಗೆ ಮುಗಿದಿತ್ತು. ನಡುವಿನ ಎರಡು ವಾರ ಅವರು ಮಾಡಿದ್ದು ಬರೀ ಮಣ್ಣಿನ ಕೆಲಸ. ಅಗೆದರು, ತೆಗೆದರು, ಹಾಕಿದರು, ನೀರು ಚಿಮುಕಿಸಿದರು, ಕುಟ್ಟಿದರು, ಮತ್ತೆ ಹಾಕಿದರು. ಪಕ್ಕದ ಮನೆಯ ಅಜ್ಜ ಬಾಲ್ಕನಿಯಲ್ಲಿ ನಿಂತು, ಎರಡು ವಾರದಿಂದ ಮಣ್ಣಲ್ಲಿ ಆಟ ಆಡ್ತಾ ಇದಾರಲ್ಲಯ್ಯ, ಕಾಂಕ್ರೀಟು ಯಾವಾಗ ಹಾಕ್ತಾರೆ ಅಂತ ಗೊಣಗಿದ. ನಾನು ನಕ್ಕೆ. ಆದರೆ ಒಳಗೆ ಎಲ್ಲೋ ಚುಚ್ಚಿತು. ಯಾಕಂದ್ರೆ ಇದೇ ಪ್ರಶ್ನೆಯನ್ನು ನಾನು ಒಮ್ಮೆ ನಮ್ಮೂರಿನ ಒಬ್ಬ ಮುದುಕನಿಗೆ ಕೇಳಿದ್ದೆ, ಇದಕ್ಕಿಂತ ಒರಟಾಗಿ. ಅದನ್ನು ಆಮೇಲೆ ಹೇಳ್ತೀನಿ.

ಕೊಳದ ಪಕ್ಕದ ನೆಲ ಯಾಕೆ ಕುಸಿಯುತ್ತೆ ಅನ್ನೋದು ಸುಲಭವಾಗಿ ಅರ್ಥ ಆಗುತ್ತೆ. ಕೊಳ ತೋಡುವಾಗ ಅಂಚಿನಲ್ಲಿ ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿ ಮಣ್ಣು ಹೋಗಿರುತ್ತೆ. ಪೈಪು ಹಾಕೋಕೆ ಸುತ್ತ ಕಾಲುವೆ ತೋಡಿರುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಮಣ್ಣನ್ನು ಎಳೆದು ಮುಚ್ಚಿ ಮೇಲೆ ಕಾಂಕ್ರೀಟು ಹಾಕಿಬಿಟ್ಟರೆ ನೋಡೋಕೆ ಎಲ್ಲಾ ಸರಿಯಾಗೇ ಇರುತ್ತೆ. ಆದರೆ ಅಗೆದ ಮಣ್ಣಿನ ಒಳಗೆ ಗಾಳಿ ತುಂಬಿರುತ್ತೆ. ವರ್ಷಗಟ್ಟಲೆ ಕೊಳದ ನೀರು ಜಿನುಗಿ ಜಿನುಗಿ ಆ ಮಣ್ಣು ಕೂರುತ್ತೆ. ಕೆಳಗೆ ಪೊಳ್ಳು, ಮೇಲೆ ನಾಲ್ಕು ಇಂಚಿನ ಕಾಂಕ್ರೀಟು. ಮುಂದಿನದು ನಿಮಗೇ ಗೊತ್ತು.

ಹಾಗಾಗಿ ಇವರು ಮಾಡಿದ್ದು ಇಷ್ಟು. ಸಡಿಲ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವ ತನಕ ತೆಗೆದರು. ಆಮೇಲೆ ಆರಾರು ಇಂಚಿನ ಪದರ ಹಾಕುತ್ತಾ ಪ್ರತಿ ಪದರವನ್ನೂ ಕುಟ್ಟಿದರು. ಅಂಚಿನಲ್ಲಿ ಕುಪ್ಪಳಿಸುವ ಯಂತ್ರ, ಬಯಲಲ್ಲಿ ಅದುರುವ ತಟ್ಟೆಯ ಯಂತ್ರ. ಅದರ ಮೇಲೆ ನಾಲ್ಕು ಇಂಚು ಜಲ್ಲಿಪುಡಿ, ಅದನ್ನೂ ಕುಟ್ಟಿದರು. ಕೊಳದಿಂದ ಹೊರಕ್ಕೆ ಅಡಿಗೆ ಕಾಲು ಇಂಚಿನಂತೆ ಇಳಿಜಾರನ್ನು ಮಣ್ಣಿನಲ್ಲೇ ತಂದರು, ಕಾಂಕ್ರೀಟಿನಲ್ಲಿ ಅಲ್ಲ. ಅವರ ಮೇಸ್ತ್ರಿ ಮೆಕ್ಸಿಕೋ ಕಡೆಯವನು. ಪ್ರತಿ ಪದರಕ್ಕೆ ಮುಂಚೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ, ಉಂಡೆಯನ್ನು ಎದೆಯೆತ್ತರದಿಂದ ಬೀಳಿಸುತ್ತಿದ್ದ. ಪುಡಿಪುಡಿಯಾದರೆ ನೀರು ಸಾಲದು. ಮುದ್ದೆಯಾಗಿ ಕೂತರೆ ಜಾಸ್ತಿ. ಎರಡೋ ಮೂರೋ ತುಂಡಾದರೆ ಕೈ ಬೀಸಿ ಯಂತ್ರ ಶುರು ಮಾಡಿಸುತ್ತಿದ್ದ. ಒಂದು ದಿನ ಇನ್ನೊಬ್ಬ ಹಳದಿ ಪೆಟ್ಟಿಗೆ ತಂದು ನೆಲದ ಮೇಲಿಟ್ಟು ಏನೋ ಓದಿಕೊಂಡು ಹೋದ. 'ಎಷ್ಟು ಬಂತು?' ಅಂತ ಕೇಳಿದೆ. 'ತೊಂಬತ್ತಾರು ಪರ್ಸೆಂಟ್ ಪ್ರಾಕ್ಟರ್' ಅಂದ.

ಪ್ರಾಕ್ಟರ್! ಎಷ್ಟು ವರ್ಷ ಆಗಿತ್ತು ಆ ಹೆಸರು ಕೇಳಿ.

ನಿಮ್ಮಲ್ಲಿ ಕೆಲವರಿಗೆ ಗೊತ್ತಿಲ್ಲದೇ ಇರಬಹುದು, ನಾನು ಓದಿದ್ದು ಬಿ.ಇ. ಸಿವಿಲ್. ಕ್ಯಾಂಪಸ್‌ಗೆ ಬಂದ ಸಾಫ್ಟ್‌ವೇರ್ ಕಂಪನಿ ಕರೆದುಕೊಂಡಿತು, ಇಟ್ಟಿಗೆ ಬಿಟ್ಟು ಕೀಬೋರ್ಡ್ ಹಿಡಿದೆ. ಆದರೆ ಸಾಯಿಲ್ ಲ್ಯಾಬು ಯಾರಿಗೆ ಮರೆಯುತ್ತೆ? 1000 ಸಿಸಿಯ ಕಬ್ಬಿಣದ ಡಬ್ಬಿ, 2.6 ಕೆಜಿ ಸುತ್ತಿಗೆ. ಮಣ್ಣನ್ನು ಮೂರು ಪದರವಾಗಿ ತುಂಬಿ, ಪ್ರತಿ ಪದರಕ್ಕೆ 310 ಮಿಲಿಮೀಟರ್ ಎತ್ತರದಿಂದ 25 ಏಟು. ತೂಕ ಮಾಡು. ಸ್ವಲ್ಪ ನೀರು ಸೇರಿಸು, ಮತ್ತೆ ಕುಟ್ಟು. ಕೊನೆಗೆ ಗ್ರಾಫು ಬರೆದರೆ ಗುಡ್ಡದ ಆಕಾರದ ಗೆರೆ ಬರಬೇಕು. ನಮ್ಮ ಬ್ಯಾಚಿನಲ್ಲಿ ಎರಡು ರೀಡಿಂಗ್ ತೆಗೆದುಕೊಂಡು, ಗುಡ್ಡ ಮೊದಲು ಬರೆದು ಉಳಿದ ರೀಡಿಂಗ್ ಆಮೇಲೆ ಹುಟ್ಟಿಸುತ್ತಿದ್ದೆವು. ಪ್ರಾಕ್ಟರ್ ಟೆಸ್ಟ್ ಅಂದರೆ ಎರಡು ಗಂಟೆ ತೋಳು ನೋವು, ಅಷ್ಟೇ. ಪ್ರಾಕ್ಟರ್ ಅಂದರೆ ಒಬ್ಬ ಮನುಷ್ಯ ಇರಬಹುದು ಅಂತ ಸಹ ನನಗೆ ಹೊಳೆದಿರಲಿಲ್ಲ.

ರಾಲ್ಫ್ ಪ್ರಾಕ್ಟರ್ ಇದೇ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದವನು. ಅವನ ಕಥೆ ನನ್ನ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಶುರುವಾಗುತ್ತೆ ಅಂತ ತಿಳಿದಾಗ ಒಂದು ಶನಿವಾರ ಗಾಡಿ ತೆಗೆದೆ.

ಸಾಂಟಾ ಕ್ಲರಿಟಾದ ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕಿಟೋ ಅಂತ ಒಂದು ಕಣಿವೆ. ಎರಡೂ ಕಡೆ ಕುರುಚಲು ಗಿಡದ ಬೋಳುಗುಡ್ಡ. ಅಲ್ಲಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಇತ್ತು. ಕಟ್ಟಿಸಿದವನು ವಿಲಿಯಂ ಮುಲ್‌ಹಾಲೆಂಡ್. ಐರ್ಲೆಂಡಿನಲ್ಲಿ ಹುಟ್ಟಿ, ಕಾಲೇಜಿನ ಮೆಟ್ಟಿಲು ಹತ್ತದೆ, ಕಾಲುವೆ ಗುಡಿಸುವ ಕೆಲಸದಿಂದ ಮೇಲೆ ಬಂದು ಇಲಾಖೆಯ ಮುಖ್ಯ ಎಂಜಿನಿಯರ್ ಆದವನು. 1913ರಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಓವೆನ್ಸ್ ಕಣಿವೆಯಿಂದ ಈ ಊರಿಗೆ ನೀರು ತಂದ. ಅಲ್ಲಿನ ರೈತರು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ, ಅದು ಬೇರೆಯದೇ ಕಥೆ. ಆ ನೀರನ್ನು ಕೂಡಿಡೋಕೆ 1924ರಿಂದ 26ರ ನಡುವೆ ಕಟ್ಟಿಸಿದ್ದೇ ಈ ಕಾಂಕ್ರೀಟ್ ಅಣೆಕಟ್ಟು. ಎತ್ತರ ಸುಮಾರು 62 ಮೀಟರ್. ಹಿಡಿಯುತ್ತಿದ್ದ ನೀರು ನಮ್ಮ ಲೆಕ್ಕದಲ್ಲಿ 1.65 ಟಿಎಂಸಿ. ನಮ್ಮ ಕೆಆರ್‌ಎಸ್‌ನ ಮೂವತ್ತರಲ್ಲಿ ಒಂದು ಪಾಲು ಅಂತಿಟ್ಟುಕೊಳ್ಳಿ. ಕಟ್ಟುವಾಗಲೇ ಎರಡು ಸಲ ಎತ್ತರ ಹೆಚ್ಚಿಸಿದರು, ಆದರೆ ಬುಡದ ಅಗಲವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಲಿಲ್ಲ.

1928ರ ಮಾರ್ಚ್ 12ರ ಬೆಳಗ್ಗೆ ಅಣೆಕಟ್ಟಿನ ಕಾವಲುಗಾರ ಒಂದು ಕಡೆ ಕೆಸರು ಬಣ್ಣದ ನೀರು ಜಿನುಗುವುದನ್ನು ಕಂಡ. ತಿಳಿ ನೀರು ಜಿನುಗಿದರೆ ಅಷ್ಟು ಭಯ ಇಲ್ಲ. ಕೆಸರು ಬಂತೆಂದರೆ ನೀರು ಬುಡದ ಮಣ್ಣನ್ನೇ ಹೊತ್ತು ತರ್ತಾ ಇದೆ ಅಂತ ಅರ್ಥ. ಫೋನು ಹೋಯಿತು. ಮುಲ್‌ಹಾಲೆಂಡ್ ಖುದ್ದು ಬಂದು ಸುತ್ತಾಡಿ ನೋಡಿ, ಕೆಸರು ಬಂದದ್ದು ಪಕ್ಕದ ಹೊಸ ರಸ್ತೆಯ ಮಣ್ಣಿನಿಂದ, ಅಪಾಯ ಇಲ್ಲ ಎಂದು ಹೇಳಿ ವಾಪಸ್ ಹೋದ. ಅದೇ ರಾತ್ರಿ, ಹನ್ನೆರಡಕ್ಕೆ ಇನ್ನೇನು ಎರಡು ಮೂರು ನಿಮಿಷ ಇರುವಾಗ, ಅಣೆಕಟ್ಟು ಒಡೆಯಿತು. ನೀರು 87 ಕಿಲೋಮೀಟರ್ ಕೊಚ್ಚಿಕೊಂಡು ಹೋಗಿ ಬೆಳಗಿನ ಜಾವಕ್ಕೆ ಸಮುದ್ರ ಸೇರಿತು. ಸತ್ತವರು ನಾನೂರಕ್ಕೂ ಹೆಚ್ಚು. ಆ ಕಾವಲುಗಾರ ಮತ್ತು ಅವನ ಪುಟ್ಟ ಮಗನೂ ಅದರಲ್ಲಿ ಸೇರಿದ್ದರು.

ವಿಚಾರಣೆಯಲ್ಲಿ ಮುಲ್‌ಹಾಲೆಂಡ್ ಬೇರೆ ಯಾರ ಮೇಲೂ ಹಾಕಲಿಲ್ಲ, ತಪ್ಪು ನನ್ನದೇ ಅಂದ. ಅದೇ ವರ್ಷ ಕೆಲಸ ಬಿಟ್ಟ. ತನಿಖೆ ಮಾಡಿದವರು ಬಲಬದಿಯ ಗುಡ್ಡದ ಕೆಂಪು ಕಲ್ಲಿನ ಚೂರೊಂದನ್ನು ಗಾಜಿನ ಲೋಟದ ನೀರಿಗೆ ಹಾಕಿ ತೋರಿಸಿದರಂತೆ. ಒಣಗಿದ್ದಾಗ ಕಲ್ಲಿನಂತಿದ್ದದ್ದು ನೀರಲ್ಲಿ ಕರಗಿ ಕೆಸರಾಗಿ ಕೂತಿತು. ಎಡಬದಿಯ ಗುಡ್ಡವಂತೂ ಹಿಂದೆಂದೋ ಕುಸಿದು ಬಿದ್ದಿದ್ದ ಹಳೆಯ ಭೂಕುಸಿತದ ರಾಶಿ ಅನ್ನುವುದು ದಶಕಗಳ ನಂತರ ಭೂವಿಜ್ಞಾನಿಗಳು ಮತ್ತೆ ನೋಡಿದಾಗ ಗೊತ್ತಾಯಿತು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಗಿನವರ ತೀರ್ಮಾನದಲ್ಲೂ ಕಾಂಕ್ರೀಟು ಸೋತಿರಲಿಲ್ಲ. ಅದು ಕೂತಿದ್ದ ನೆಲ ಸೋತಿತ್ತು.

ಈಗ ಅಲ್ಲಿ ಹೋದರೆ ಪೊದೆಗಳ ನಡುವೆ ಮನೆಯಷ್ಟು ದೊಡ್ಡ ಕಾಂಕ್ರೀಟ್ ಬಂಡೆಗಳು ಬಿದ್ದಿವೆ. ಬೋರ್ಡು ಇಲ್ಲದಿದ್ದರೆ ಮಾಮೂಲಿ ಬಂಡೆ ಅಂತಲೇ ಅಂದುಕೊಳ್ಳಬೇಕು. 2019ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಕಾನೂನು ಮಾಡಿ ಘೋಷಿಸಿದರು. ಒಂದು ಬಂಡೆಯ ಮೇಲೆ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂದೆ. ತಿನ್ನುವಾಗ ಏನೋ ಸರಿಯಿಲ್ಲ ಅನ್ನಿಸಿ ಎದ್ದು ದೂರ ಹೋಗಿ ಕೂತೆ.

ಊರಿಗೆ ನೀರಂತೂ ಬೇಕಲ್ಲ. ಕೂಡಿಡೋಕೆ ಬೇರೆ ಜಾಗ ಹುಡುಕಿದರು. ಪಕ್ಕದ ಬೂಕೆ ಕಣಿವೆಯಲ್ಲಿ 1932ರಿಂದ 34ರ ನಡುವೆ ಹೊಸ ಜಲಾಶಯ ಆಯಿತು. ಈ ಸಲ ಕಾಂಕ್ರೀಟ್ ಗೋಡೆ ಅಲ್ಲ, ಮಣ್ಣಿನ ಒಡ್ಡು. ಜನರ ಕಣ್ಣು ಇಲಾಖೆಯ ಮೇಲೆ. 1929ರಲ್ಲಿ ಕ್ಯಾಲಿಫೋರ್ನಿಯಾ ಅಣೆಕಟ್ಟುಗಳ ಸುರಕ್ಷತೆಗೆ ಕಾನೂನನ್ನೂ ತಂದಿತ್ತು. ನಾವು ಚೆನ್ನಾಗಿ ಕುಟ್ಟಿದ್ದೇವೆ ಸ್ವಾಮಿ ಅಂದರೆ ನಂಬುವವರು ಯಾರೂ ಇರಲಿಲ್ಲ. ಚೆನ್ನಾಗಿ ಅಂದರೆ ಎಷ್ಟು? ಪ್ರಾಕ್ಟರ್‌ನ ಕೆಲಸ ಇದ್ದದ್ದು ಈ ಪ್ರಶ್ನೆಯ ಸುತ್ತ.

ಮಣ್ಣು ಕುಟ್ಟುವುದು ಹೊಸದಲ್ಲ ನೋಡಿ. ನಮ್ಮ ಕಡೆ ಮನೆಯ ನೆಲಕ್ಕೆ ಮಣ್ಣು ಹಾಕಿ ನೀರು ಹೊಡೆದು ದಿಮ್ಮಸೆಯಿಂದ ಬಡಿಯುತ್ತಿದ್ದರು. ಕೆರೆ ಏರಿಗಳನ್ನು ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದರು. ಅಮೆರಿಕದಲ್ಲೂ ಹಾಗೇ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಇದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಆಗಷ್ಟೇ ಉತ್ತು ಸಡಿಲ ಮಾಡಿದ್ದ ರಸ್ತೆಯ ಮೇಲೆ ಕುರಿಹಿಂಡು ಹಾದುಹೋಗಿ, ಅವು ತುಳಿದ ಜಾಗ ಗಟ್ಟಿಯಾದದ್ದನ್ನು ನೋಡಿ ಮುಳ್ಳುಮುಳ್ಳಿನ ರೋಲರ್ ಮಾಡಿದರು ಅಂತ ಒಂದು ಕಥೆ ಇದೆ. ಆ ರೋಲರಿಗೆ ಇವತ್ತಿಗೂ ಕುರಿಪಾದ ಅನ್ನುವ ಅರ್ಥದ ಹೆಸರೇ ಇದೆ. ಅಂದರೆ ತುಳಿದರೆ ಗಟ್ಟಿಯಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಸಾಕು, ಯಾವಾಗ ಸಾಲದು ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಏನಾಗುತ್ತಿತ್ತು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಬಗ್ಗೆ ಬರೆದಿದ್ದಾನೆ. ಇರುವೆಗಳ ಹಾಗೆ ಸಾವಿರಾರು ಜನ ಕೆಲಸ ಮಾಡುತ್ತಿದ್ದರಂತೆ. ಕೆರೆ ಎರಡು ಮೂರು ಸಲ ಒಡೆಯಿತಂತೆ. ಯಾಕೆ ಅಂತ ಕೇಳಿದಾಗ ದೇವರಿಗೆ ಕೋಪ ಅಂತ ಉತ್ತರ ಬಂದು ಅರವತ್ತು ಜನರ ತಲೆ ಹೋಯಿತಂತೆ, ಜೊತೆಗೆ ಕುದುರೆ, ಎಮ್ಮೆಗಳದ್ದೂ. ಕೆರೆಗೆ ಹಾರದ ಭಾಗೀರಥಿಯನ್ನು ಶಾಲೆಯಲ್ಲಿ ಓದಿದವರಿಗೆ ಈ ತರ್ಕ ಹೊಸದೇನಲ್ಲ.

ಪ್ರಾಕ್ಟರ್ ಮಾಡಿದ್ದು ಇಷ್ಟೇ. ಒಂದು ಸಣ್ಣ ಡಬ್ಬಿಯಲ್ಲಿ ಒಂದೇ ಮಣ್ಣನ್ನು, ಒಂದೇ ಶಕ್ತಿಯಿಂದ, ಬೇರೆ ಬೇರೆ ಪ್ರಮಾಣದ ನೀರು ಸೇರಿಸಿ ಕುಟ್ಟಿ ತೂಕ ಮಾಡಿದ. ತೀರಾ ಒಣ ಮಣ್ಣು ಕುಟ್ಟಿದರೆ ಕಣಗಳು ಒಂದಕ್ಕೊಂದು ಸಿಕ್ಕಿಕೊಂಡು ಜಾರುವುದಿಲ್ಲ, ನಡುವೆ ಗಾಳಿ ಉಳಿಯುತ್ತೆ. ಸ್ವಲ್ಪ ನೀರು ಹಾಕಿದರೆ ಜಾರಿ ಹತ್ತಿರ ಬರುತ್ತವೆ, ಒಣ ತೂಕ ಏರುತ್ತೆ. ಇನ್ನೂ ಹಾಕುತ್ತಾ ಹೋದರೆ ಮಣ್ಣು ಇರಬೇಕಾದ ಜಾಗವನ್ನು ನೀರೇ ಹಿಡಿದುಕೊಳ್ಳುತ್ತೆ, ನೀರನ್ನು ಎಷ್ಟು ಕುಟ್ಟಿದರೂ ಅದು ಕುಗ್ಗುವುದಿಲ್ಲ. ಹಾಗಾಗಿ ಒಂದು ಗುಡ್ಡದಂಥ ಗೆರೆ. ಅದರ ನೆತ್ತಿಯೇ ಆ ಮಣ್ಣಿಗೆ, ಆ ಶಕ್ತಿಗೆ ಸರಿಯಾದ ನೀರು. ಮರಳು ಮಿಶ್ರಿತ ಮಣ್ಣಿಗೆ ನೂರಕ್ಕೆ ಹತ್ತರ ಸುಮಾರು, ಜೇಡಿಗೆ ಇಪ್ಪತ್ತು ದಾಟಬಹುದು. 1933ರ ಆಗಸ್ಟ್ ಸೆಪ್ಟೆಂಬರಿನಲ್ಲಿ ಅಮೆರಿಕದ ಎಂಜಿನಿಯರಿಂಗ್ ವಾರಪತ್ರಿಕೆಯೊಂದರಲ್ಲಿ ನಾಲ್ಕು ಲೇಖನ ಬರೆದು ಇದನ್ನು ಎಲ್ಲರ ಮುಂದಿಟ್ಟ. ಹೊಲದಲ್ಲಿ ಥಟ್ಟಂತ ನೋಡೋಕೆ ಒಂದು ಚುಚ್ಚುಸೂಜಿಯನ್ನೂ ಮಾಡಿದ. ನ್ಯಾಯವಾಗಿ ಹೇಳಬೇಕೆಂದರೆ, ಕ್ಯಾಲಿಫೋರ್ನಿಯಾ ಹೆದ್ದಾರಿ ಇಲಾಖೆಯ ಪೋರ್ಟರ್ ಎಂಬಾತ 1929ರ ಹೊತ್ತಿಗೇ ಇಂಥದ್ದೇ ಕೆಲಸ ಮಾಡುತ್ತಿದ್ದ. ಹೆಸರು ಉಳಿದದ್ದು ಬರೆದು ಪ್ರಕಟಿಸಿದವನದ್ದು. (ಬ್ಲಾಗಿಗರೇ, ಗಮನಿಸಿ :))

ಎರಡನೇ ಮಹಾಯುದ್ಧದಲ್ಲಿ ಭಾರೀ ಬಾಂಬರ್ ವಿಮಾನ ಇಳಿಯೋಕೆ ರನ್‌ವೇ ಬೇಕಾದಾಗ ಅಮೆರಿಕದ ಸೈನ್ಯ ಇದೇ ಪರೀಕ್ಷೆಯನ್ನು ಇನ್ನೂ ಭಾರದ ಸುತ್ತಿಗೆ, ಇನ್ನೂ ಎತ್ತರದ ಏಟು ಅಂತ ಬದಲಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅದೇ ಬುಲ್ಡೋಜರುಗಳು ಲಾಸ್ ಏಂಜಲೀಸ್‌ನ ಗುಡ್ಡಗಳಿಗೆ ಬಂದವು. ಗುಡ್ಡ ಕಡಿ, ಕಣಿವೆ ತುಂಬು, ಸಮ ಮಾಡು, ಮನೆ ಕಟ್ಟು. 1948ರಲ್ಲಿ ಥಾಮಸ್ ಚರ್ಚ್ ಎಂಬ ತೋಟವಿನ್ಯಾಸಕ ಉತ್ತರ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಮೂತ್ರಪಿಂಡದಂಥ ಆಕಾರದ ಕೊಳ ಮಾಡಿದ. ಅದರ ಫೋಟೋ ನೋಡಿದ ಮಧ್ಯಮವರ್ಗದವರಿಗೆಲ್ಲ ಹಿತ್ತಲಲ್ಲಿ ಒಂದು ಕೊಳ ಬೇಕು ಅನ್ನಿಸಿತು. ಕೊಳದ ಗೋಡೆಗೆ ಕಾಂಕ್ರೀಟನ್ನು ಪೈಪಿನಿಂದ ಚಿಮ್ಮಿಸುವ ವಿಧಾನ ಆಗಲೇ ಇತ್ತು. ಅದರ ಮೂಲಯಂತ್ರ ಕಂಡುಹಿಡಿದವನು ಯಾರು ಗೊತ್ತಾ? ಕಾರ್ಲ್ ಏಕ್ಲಿ, ಸತ್ತ ಪ್ರಾಣಿಗಳನ್ನು ಸಿದ್ಧಪಡಿಸಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಿದ್ದವನು! 1911ರಲ್ಲಿ ಪೇಟೆಂಟ್ ಪಡೆದ. ಇರಲಿ.

ಹೀಗೆ ತುಂಬಿದ ಗುಡ್ಡಗಳು 1952ರ ಆರಂಭದ ಮಳೆಗೆ ಮನೆಗಳ ಸಮೇತ ಜಾರಿದವು. ಅದೇ ವರ್ಷ ಲಾಸ್ ಏಂಜಲೀಸ್ ಗುಡ್ಡ ಕಡಿದು ತುಂಬುವುದಕ್ಕೆ ನಿಯಮ ತಂದಿತು. ತುಂಬಿದ ಮಣ್ಣು ಇಷ್ಟು ಬಿಗಿಯಾಗಿರಬೇಕು, ಪರೀಕ್ಷೆ ಮಾಡಿಸಿರಬೇಕು ಅಂತ. ನನ್ನ ಕಿಟಕಿಯ ಕೆಳಗೆ ಹಳದಿ ಪೆಟ್ಟಿಗೆ ತಂದಿದ್ದವನು ಹೇಳಿದ ತೊಂಬತ್ತಾರು ಪರ್ಸೆಂಟಿನ ವಂಶವೃಕ್ಷ ಇದು. ಲ್ಯಾಬಿನ ಡಬ್ಬಿಯಲ್ಲಿ ಸಿಕ್ಕ ಗರಿಷ್ಠ ಒಣ ಸಾಂದ್ರತೆಯ ನೂರಕ್ಕೆ ತೊಂಬತ್ತಾರು ಪಾಲು ಇಲ್ಲಿ ನೆಲದಲ್ಲಿ ಬಂದಿದೆ ಅಂತ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಪ್ರಾಕ್ಟರ್ ಕಥೆಗೆ ಇನ್ನೊಂದು ತಿರುವಿದೆ. 1951ರಲ್ಲಿ ಊರೊಳಗೇ ಬಾಲ್ಡ್‌ವಿನ್ ಹಿಲ್ಸ್ ಎಂಬ ಗುಡ್ಡದ ಮೇಲೆ ಇಲಾಖೆಯ ಹೊಸ ಜಲಾಶಯ ಮುಗಿಯಿತು. ವಿನ್ಯಾಸ ಪ್ರಾಕ್ಟರ್‌ನದ್ದು. ಮಣ್ಣು ಕುಟ್ಟುವುದನ್ನು ಜಗತ್ತಿಗೇ ಕಲಿಸಿದವನ ಒಡ್ಡು, ಅದರ ಮಣ್ಣು ಹೇಗಿದ್ದಿರಬೇಕು ಊಹಿಸಿ. 1963ರ ಡಿಸೆಂಬರ್ 14, ಶನಿವಾರ, ಬೆಳಗ್ಗೆ ಹನ್ನೊಂದೂಕಾಲಿಗೆ ಉಸ್ತುವಾರಿಯವನಿಗೆ ಒಳಗಡೆ ನೀರು ಹರಿಯುವ ಸದ್ದು ಕೇಳಿಸಿತು. ಈ ಸಲ ಯಾರೂ ಬಂದು ನೋಡಿ ಅಪಾಯವಿಲ್ಲ ಅನ್ನಲಿಲ್ಲ. ಪೊಲೀಸರು ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಒಡ್ಡು ಒಡೆಯಿತು, ಟೀವಿಯವರ ಹೆಲಿಕಾಪ್ಟರು ಅದನ್ನು ನೇರಪ್ರಸಾರ ಮಾಡಿತು. ಇನ್ನೂರಕ್ಕೂ ಹೆಚ್ಚು ಮನೆ ಹಾಳಾದವು, ಸತ್ತವರು ಐದು ಜನ. ಕಾರಣ? ಒಡ್ಡಿನ ಅಡಿಯಲ್ಲೇ ನೆಲದ ಬಿರುಕುಗಳಿದ್ದವು, ಪಕ್ಕದಲ್ಲಿ ತೈಲಬಾವಿಗಳು. ನೆಲವೇ ನಿಧಾನಕ್ಕೆ ಇಳಿಯುತ್ತಾ, ಜರುಗುತ್ತಾ ಇತ್ತು. ಮೇಲೆ ಕುಟ್ಟಿದ ಮಣ್ಣು ಎಷ್ಟೇ ಬಿಗಿಯಾಗಿದ್ದರೂ ಅದರ ಕೆಳಗಿನ ನೆಲ ಜರುಗಿದರೆ ಏನು ಮಾಡೋಕಾಗುತ್ತೆ?

ಸರಿ, ಈಗ ಆ ಮುದುಕನ ವಿಷಯಕ್ಕೆ ಬರ್ತೀನಿ.

ನಮ್ಮೂರು ನವಲಗುಂದದ ಕಡೆ. ಅಪ್ಪಟ ಎರಿ ಭೂಮಿ. ಬೇಸಿಗೆಯಲ್ಲಿ ಹೊಲದಲ್ಲಿ ಮೊಣಕೈ ತನಕ ಕೈ ಇಳಿಯುವಷ್ಟು ಬಿರುಕು, ಮಳೆ ಬಂದರೆ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುವ ಕೆಸರು. 2022ರ ಏಪ್ರಿಲ್‌ನಲ್ಲಿ, ಮೇ ತಿಂಗಳಿಗೆ ಅಕ್ಕನ ಮದುವೆ ಇಟ್ಟುಕೊಂಡು, ಅಪ್ಪ ಮನೆ ಮುಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿಸೋಕೆ ಹೊರಟರು. ಗೌಂಡಿ ಕಾಕಾ ನಮ್ಮ ಮನೆ ಕಟ್ಟಿದವನೇ, ಎಪ್ಪತ್ತು ದಾಟಿತ್ತು. ಅವನು ಹೇಳಿದ: 'ಎರಿ ಮೂರು ಫೂಟು ತಗದು ಗರಸು ತುಂಬೋಣ. ಪದರ ಪದರ ನೀರು ಹೊಡದು ದಿಮ್ಮಸೆ ಹಾಕೋಣ. ಒಂದು ಮಳಿಗಾಲ ಕಳೀಲಿ, ಆಮ್ಯಾಲ ಕಾಂಕ್ರೀಟ್.' ಅಪ್ಪ ನನಗೆ ಫೋನ್ ಮಾಡಿದರು. ಎಂಜಿನಿಯರ್ ಮಗ ಇದ್ದಾಗ ಕೇಳದೆ ಇರ್ತಾರಾ? ನಾನು ಬೆಂಗಳೂರಿನಲ್ಲಿ ಒಂದು ಮೀಟಿಂಗಿನ ನಡುವೆ ಇದ್ದೆ. 'ಸ್ಪೀಕರಿಗೆ ಹಾಕಪ್ಪಾ' ಅಂದೆ. 'ಕಾಕಾ, ಅಂಗಳಕ್ಕ ಮೂರು ಫೂಟು ಯಾರರ ಅಗೀತಾರೇನು? ಮಣ್ಣಾಗ ಆಟ ಆಡಾಕತ್ತೀರಿ? ರೋಲರ್ ತರಸ್ರಿ, ಗಟ್ಟಿ ಮಾಡ್ರಿ, ಸರಳು ಹಾಕಿ ಐದು ಇಂಚು ಕಾಂಕ್ರೀಟ್ ಹಾಕ್ರಿ. ಏನೂ ಆಗೂದಿಲ್ಲ.' ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕಾಕಾ ಅಂದ: 'ಆತು ತಮ್ಮಾ, ನೀ ಓದಿದಾವ.'

ಏಪ್ರಿಲ್ ಬಿಸಿಲಿಗೆ ಒಣಗಿ ಕಲ್ಲಾಗಿದ್ದ ಎರಿ ಮಣ್ಣಿನ ಮೇಲೆ ರೋಲರ್ ಓಡಿಸಿದರು. ನಾನು ಮಾಡಿಸಿದ ತಪ್ಪು ಬರೀ ಅವಸರದ್ದಲ್ಲ, ಅದು ಪುಸ್ತಕದಲ್ಲೇ ಇತ್ತು. ಹೊಟ್ಟು ಮಣ್ಣನ್ನು ಕುಟ್ಟಿದರೆ ಒಳ್ಳೆಯದೇ. ಆದರೆ ಉಬ್ಬುವ ಜೇಡಿಯನ್ನು ಒಣಗಿದ್ದಾಗ ಬಿಗಿಯಾಗಿ ಕುಟ್ಟಿದರೆ, ನೀರು ಸಿಕ್ಕಾಗ ಅದು ಇನ್ನೂ ಜಾಸ್ತಿ ಉಬ್ಬುತ್ತೆ. ಅದರ ಕಣಗಳು ಹಾಳೆಗಳ ಹಾಗೆ, ನೀರು ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತೆ. ಹತ್ತಿರ ಹತ್ತಿರ ಒತ್ತಿಟ್ಟಷ್ಟೂ ತಳ್ಳುವ ಬಲ ಹೆಚ್ಚು. ಪರೀಕ್ಷೆಯಲ್ಲಿ ಎಂಟು ಮಾರ್ಕಿಗೆ ಬರೆದಿದ್ದೆ ಇದನ್ನು. ಇನ್ನೂ ನಾಚಿಕೆ ಆಗುವುದು ಯಾವುದಕ್ಕೆ ಗೊತ್ತಾ? ಕಾಕಾ ಹೇಳಿದ್ದಕ್ಕೆ ಬಹಳ ಹತ್ತಿರದ್ದನ್ನೇ ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ವರ್ಷಗಟ್ಟಲೆ ಪ್ರಯೋಗ ಮಾಡಿ 1970ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಎರಿ ಮಣ್ಣಿನ ಮೇಲೆ, ಉಬ್ಬದ ಆದರೆ ಸ್ವಲ್ಪ ಅಂಟು ಇರುವ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಕುಟ್ಟಿ ಹಾಕಿದರೆ ಕೆಳಗಿನದು ಮೇಲಿನದನ್ನು ಎತ್ತಿ ಒಡೆಯುವುದಿಲ್ಲ ಅಂತ. ಆ ವಿಧಾನ ಬಳಕೆಯಾದ ಜಾಗಗಳಲ್ಲಿ ನಮ್ಮ ಮಲಪ್ರಭಾ ಬಲದಂಡೆ ಕಾಲುವೆಯೂ ಒಂದು. ನಮ್ಮ ಹೊಲಗಳ ನದಿ! ಮೂರು ಫೂಟು ಅಂದರೆ ಹೆಚ್ಚುಕಮ್ಮಿ ಒಂದು ಮೀಟರೇ ತಾನೆ.

ಆ ವರ್ಷ ಮಳೆ ಜೋರು. ಆಗಸ್ಟಿನ ಹೊತ್ತಿಗೆ ಅಂಗಳದ ನಡುವೆ ಬೆನ್ನು ಎದ್ದಿತು. ಚಪ್ಪಡಿ ಎರಡಾಗಿ ಒಂದರ ಅಂಚು ಇನ್ನೊಂದಕ್ಕಿಂತ ಎರಡು ಬೆರಳು ಮೇಲೆ. ದೀಪಾವಳಿ ಮುಂಚೆ ಒಂದು ಬೆಳಗ್ಗೆ ನಸುಕಿನಲ್ಲಿ ಅಜ್ಜಿ ನೀರು ಹಾಕೋಕೆ ಹೋಗಿ ಆ ಅಂಚಿಗೆ ಎಡವಿ ಬಿದ್ದಳು. ಮಣಿಕಟ್ಟು ಮುರಿಯಿತು. ಕೂಡಿಕೊಂಡಿದೆ, ಆದರೆ ಆ ಕೈಯಲ್ಲಿ ರೊಟ್ಟಿ ತಟ್ಟೋಕೆ ಈಗ ಆಗಲ್ಲ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಗೌಂಡಿ ಕಾಕಾ ನೋಡೋಕೆ ಬಂದಿದ್ದನಂತೆ, ಅವನೂ ಏನೂ ಅನ್ನಲಿಲ್ಲವಂತೆ. ಮುಂದಿನ ವರ್ಷ ತೀರಿಕೊಂಡ. ಅವನಿಗೆ ಒಂದು ಫೋನು ಮಾಡಬೇಕು ಅಂತ ಅಂದುಕೊಂಡೇ ಇದ್ದೆ, ಮಾಡಲಿಲ್ಲ.

ನಮ್ಮ ಕೊಳ ಕಳೆದ ವಾರ ತೆರೆಯಿತು. ಡೆಕ್ಕಿಗೂ ಕೊಳದ ಅಂಚುಕಲ್ಲಿಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ರಬ್ಬರಿನಂಥದ್ದು ತುಂಬಿದ್ದಾರೆ. ಅಷ್ಟೆಲ್ಲಾ ಮಾಡಿಯೂ ನೆಲ ಜರುಗಿದರೆ ಜರುಗಲಿ, ಕೊಳವನ್ನು ತಳ್ಳದಿರಲಿ ಅಂತ. ಪಕ್ಕದ ಮನೆ ಅಜ್ಜ ಕುರ್ಚಿ ಹಾಕಿ ಕೂತಿದ್ದ. ಪ್ರಾಕ್ಟರ್ ಕಥೆ ಹೇಳೋಕೆ ಹೋದೆ, ಅರ್ಧಕ್ಕೇ ನಿದ್ದೆ ಹೋದ.

ಮೊನ್ನೆ ಭಾನುವಾರ ಅಪ್ಪನಿಗೆ ಫೋನ್ ಮಾಡಿ, ಅಂಗಳ ಒಡಸ್ರಿ, ಈ ಬ್ಯಾಸಗ್ಯಾಗ ಎರಿ ತಗದು ಗರಸು ಹಾಕೋಣ, ದುಡ್ಡು ನಾ ಕಳಸ್ತೀನಿ ಅಂದೆ. ಎಷ್ಟು ಫೂಟು ಅಂತ ಕೇಳಿದರು. 'ಮೂರು' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಾಕಾನ ಮಗಗ ಹೇಳ್ತೀನಿ, ದಿಮ್ಮಸೆ ಅವರ ಮನ್ಯಾಗ ಇನ್ನೂ ಐತಿ' ಅಂದರು.

ಅಂದಹಾಗೆ ನಿಮ್ಮ ಕಡೆ ದಿಮ್ಮಸೆಗೆ ಏನಂತಾರೆ? ಮಲೆನಾಡು, ಕರಾವಳಿಯವರು ಬೇರೆ ಹೆಸರು ಹೇಳ್ತಾರೆ ಅಂತ ಕೇಳಿದ್ದೇನೆ. ಗೊತ್ತಿದ್ದವರು ಕೆಳಗೆ ಬರೆಯಿರಿ.